ಸದ್ದಿಲ್ಲದ ಕ್ಲಾಸು

ಮೇಷ್ಟ್ರ ಕ್ಲಾಸು ಶುರುವಾಯಿತೆಂದರೆ ಆ ಮನೆಯಲ್ಲಿ ಕೆಮ್ಮು ಬಂದವರೂ ನುಂಗಿಕೊಳ್ಳಬೇಕಿತ್ತು. ಕುಕ್ಕರ್ ಸೀಟಿ ಹಾಕುವಂತಿಲ್ಲ, ಮಿಕ್ಸಿ ತಿರುಗುವಂತಿಲ್ಲ, ಬಚ್ಚಲಿನ ನಲ್ಲಿ ಜೋರಾಗಿ ಬಿಡುವಂತಿಲ್ಲ. ಮೂರನೆಯ ಮಹಡಿಯ ಆ ಮನೆಗೆ ಇದ್ದದ್ದೇ ಎರಡು ಕೋಣೆ, ಒಂದು ನಡುಮನೆ, ಮತ್ತು ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಅದರಲ್ಲಿ ಗಟ್ಟಿ ಬಾಗಿಲಿರುವ ಕೋಣೆ ಮೇಷ್ಟ್ರ ಪಾಲಿಗೆ ಹೋಗಿತ್ತು. ಮೇಷ್ಟ್ರು ಎಂದರೆ ಯಾವ ಶಾಲೆಯ ಮೇಷ್ಟ್ರೂ ಅಲ್ಲ, ಆ ಮನೆಯ ಕಿರಿಯ ಮಗ. ಕಂಪ್ಯೂಟರಿನ ಮುಂದೆ ಕೂತು, ಪರೀಕ್ಷೆಗೆ ಓದುವ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ. ಮನೆಯವರು ತಮಾಷೆಗೆ ಇಟ್ಟ ಹೆಸರನ್ನು ಅವನು ನಿಜವೆಂದೇ ತೆಗೆದುಕೊಂಡ. ಇರಲಿ, ನಾವೂ ಮರ್ಯಾದೆ ಕೊಟ್ಟೇ ಕರೆಯೋಣ.

ಅದೇ ಮನೆಯಲ್ಲಿ ಇನ್ನೊಂದು ಕ್ಲಾಸೂ ನಡೆಯುತ್ತಿತ್ತು. ಅದಕ್ಕೆ ಬಾಗಿಲು ಬೇಡ. ಕುಕ್ಕರ್ ಕೂಗಲಿ, ಮಿಕ್ಸಿ ಕಿರುಚಲಿ, ಅದರ ಒಂದು ಕೂದಲೂ ಕೊಂಕುವುದಿಲ್ಲ. ಅದಕ್ಕೇ ಅದನ್ನು ಕ್ಲಾಸು ಎಂದು ಯಾರೂ ಒಪ್ಪಲಿಲ್ಲ.

ಆ ಸಂಜೆ ಏಳು ಗಂಟೆಗೆ ಟೈಲರಕ್ಕ ನಡುಮನೆಯಲ್ಲಿ, ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿದ ಹಳೆಯ ಟ್ಯಾಬಿನ ಮುಂದೆ ಕೂತಿದ್ದಳು. ಅವಳು ಈ ಮನೆಯ ಸೊಸೆ. ಪೇಟೆಯ ರೆಡಿಮೇಡ್ ಅಂಗಡಿಯೊಂದರ ಮೂಲೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು, ಕೊಂಡವರ ಪ್ಯಾಂಟು ಮೋಟು ಮಾಡಿ, ಸೊಂಟ ಹಿಡಿಸಿ ಕೊಡುವುದು ಅವಳ ಕೆಲಸ. ಅಂಗಡಿಯವರು ಕರೆಯುವ ಹೆಸರೇ ಬೀದಿಗೂ ಅಂಟಿತ್ತು. ಅವಳ ಅತ್ತೆ ಬೀನ್ಸ್ ಬುಟ್ಟಿ ಹಿಡಿದು ಬಂದವರು ನೇರವಾಗಿ ತಂದು ಅವಳ ಮಡಿಲಿಗೆ ಇಟ್ಟರು.

"ಹೇಗೂ ಕೂತಿದ್ದೀಯಲ್ಲ, ಇದಿಷ್ಟು ಬಿಡಿಸು."

"ಅತ್ತೆ, ಕ್ಲಾಸಲ್ಲಿದ್ದೀನಿ."

"ಇರು, ಯಾರು ಬೇಡ ಅಂದ್ರು? ಬಾಯಂತೂ ಮುಚ್ಕೊಂಡೇ ಇದ್ದೀಯ. ಕೈ ಸುಮ್ನೆ ಗಾಳೀಲಿ ಆಡಿಸ್ತಿದ್ದೀಯ. ಅದೇ ಕೈನ ಬೀನ್ಸ್ ಮೇಲೆ ಆಡಿಸು."

"ಈ ಕ್ಲಾಸಲ್ಲಿ ಕೈಯೇ ಮಾತು ಅತ್ತೆ."

"ಪಕ್ಕದ ಮನೆಯವಳೂ ಏನೋ ಕೋರ್ಸ್ ಮಾಡಿದಳಪ್ಪ. ಕಿವಿಗೆ ಸಿಗಿಸ್ಕೊಂಡು ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಪಾಸೂ ಆದಳು. ನಿಂದೇ ಒಂದು ಹೊಸ ನಮೂನೆ!"

ಪರದೆಯ ಮೇಲೆ ಟೀಚರ್ ಇವಳನ್ನೇ ಏನೋ ಕೇಳಿ ಕಾಯುತ್ತಿದ್ದರು. ಉಳಿದ ಚೌಕಗಳಲ್ಲಿದ್ದ ಮುಖಗಳೂ ಕಾಯುತ್ತಿದ್ದವು. ಟೈಲರಕ್ಕನ ಎರಡೂ ಕೈ ಬುಟ್ಟಿಯ ಕೆಳಗೆ ಸಿಕ್ಕಿಕೊಂಡಿದ್ದವು. ಅವಳು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಅರ್ಧ ಬೀನ್ಸು ಸೋಫಾದ ಕೆಳಗೆ ಹೋಯಿತು. ಕೋಣೆಯ ಬಾಗಿಲು ತೆರೆದು ಮೇಷ್ಟ್ರು ತಲೆ ಹೊರಗೆ ಹಾಕಿದರು.

"ಶ್! ಏನದು ಸದ್ದು? ಕ್ಲಾಸ್ ನಡೀತಿದೆ!"

ಇಬ್ಬರಲ್ಲಿ ಯಾರ ಕ್ಲಾಸು ಎಂದು ಕೇಳಬೇಕೆನ್ನಿಸಿತು ಅವಳಿಗೆ. ಕೇಳಲಿಲ್ಲ. ಆಗ ಇನ್ನೂ ಕೇಳುವ ಅಭ್ಯಾಸ ಬಂದಿರಲಿಲ್ಲ.

ಈ ಕ್ಲಾಸಿನ ಹಿಂದೆ ಇದ್ದವಳು ಪುಟ್ಟಿ, ಅವಳ ಏಳು ವರ್ಷದ ಮಗಳು. ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳದು. ಕಿವಿಗೆ ಹಾಕಿಸಿದ ಮಷಿನಿನಿಂದ ಏನೂ ಪ್ರಯೋಜನವಾಗಲಿಲ್ಲ. ತುಟಿ ನೋಡಿ ಮಾತು ಕಲಿಸುತ್ತೇವೆ ಎಂದವರ ಹತ್ತಿರ ವರ್ಷಗಟ್ಟಲೆ ಅಲೆದದ್ದಕ್ಕೆ "ಅಮ್ಮ" ಎಂಬಂಥದ್ದೊಂದು, "ನೀರು" ಎಂಬಂಥದ್ದೊಂದು ಬಂತು, ಅಷ್ಟೇ. ಸನ್ನೆ ಭಾಷೆ ಕಲಿಯಿರಿ, ಮಗುವಿಗಿಂತ ಮೊದಲು ನೀವು ಕಲಿಯಿರಿ ಎಂದು ಹೇಳಿದವಳು ಆಸ್ಪತ್ರೆಯ ಒಬ್ಬ ನರ್ಸು. ಕಲಿಸುವವರು ಇದ್ದದ್ದು ರೈಲಿನಲ್ಲಿ ಒಂದು ಇಡೀ ದಿನದ ದಾರಿಯ ದೊಡ್ಡ ಊರಿನಲ್ಲಿ. ಹೊಲಿಗೆ ಬಿಟ್ಟು, ಮನೆ ಬಿಟ್ಟು, ವಾರಕ್ಕೆರಡು ಸಲ ಯಾರು ಹೋಗುತ್ತಾರೆ? ಆಗ ಆ ನರ್ಸೇ ಈ ಆನ್‌ಲೈನ್ ಕ್ಲಾಸಿನ ಲಿಂಕು ಕಳಿಸಿದ್ದಳು.

ಮೊದಲ ದಿನ ಟೈಲರಕ್ಕನಿಗೆ ಅದೊಂದು ಕಣ್ಕಟ್ಟಿನ ಹಾಗೆ ಕಂಡಿತು. ಲಿಂಕ್ ಒತ್ತಿದರೆ ಮೊದಲು ಹೊರಗೆ ಕಾಯಿಸುತ್ತದೆ, ಆಮೇಲೆ ಟೀಚರ್ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಳಗೆ ಹೋದರೆ ಪರದೆಯ ತುಂಬ ಚೌಕಗಳು. ಒಂದರಲ್ಲಿ ಬೇಕರಿಯವನು, ಒಂದರಲ್ಲಿ ಅಂಚೆಯವನು, ಒಂದರಲ್ಲಿ ಮೊಮ್ಮಗನಿಗಾಗಿ ಕಲಿಯುವ ಮುದುಕಿ. ಒಬ್ಬೊಬ್ಬರೂ ಒಂದೊಂದು ಊರು. ಎಲ್ಲರ ಮೈಕೂ ಬಂದ್, ಎಲ್ಲರ ಕ್ಯಾಮೆರಾವೂ ಕಡ್ಡಾಯ. ಸೊಂಟದಿಂದ ಮೇಲೆ ಕಾಣುವ ಹಾಗೆ ಕೂರಬೇಕು, ಬೆಳಕು ಎದುರಿನಿಂದ ಬೀಳಬೇಕು, ಕೈ ಎದ್ದು ಕಾಣುವಂಥ ಒಂದೇ ಬಣ್ಣದ ಬಟ್ಟೆ ತೊಡಬೇಕು. ಟೀಚರಿಗೂ ಕಿವಿ ಕೇಳದು. ಅವರ ಚೌಕವನ್ನು ದೊಡ್ಡದು ಮಾಡಿಟ್ಟುಕೊಂಡರೆ ಬೆರಳಿನ ಗೆಣ್ಣೂ ಕಾಣುತ್ತದೆ. ಗೊತ್ತಾಗದಿದ್ದರೆ ಪಕ್ಕದಲ್ಲಿ ಬರೆದು ತೋರಿಸುತ್ತಾರೆ. ಅರ್ಧ ಪಾಠವಾದ ಮೇಲೆ ಇಬ್ಬಿಬ್ಬರನ್ನು ಬೇರೆ ಬೇರೆ ಸಣ್ಣ ಕೋಣೆಗೆ ಕಳಿಸಿ, ಮಾತಾಡಿಕೊಳ್ಳಿ ಎನ್ನುತ್ತಾರೆ. ಹಾಗೆ ಟೈಲರಕ್ಕ ಜೀವಮಾನದಲ್ಲಿ ಮುಖ ನೋಡಿರದ ಅಂಚೆಯವನ ಜೊತೆ, ನಿನ್ನೆ ಏನು ಅಡುಗೆ ಎಂಬುದನ್ನೆಲ್ಲ ಕೈಯಲ್ಲೇ ಮಾತಾಡಿದಳು. ಒಬ್ಬರು ಸರಿಯಾಗಿ ಹೇಳಿದರೆ ಎಲ್ಲ ಚೌಕಗಳಲ್ಲೂ ಕೈಗಳು ಮೇಲೆದ್ದು ಅಲುಗುತ್ತಿದ್ದವು. ಅದೇ ಅವರ ಚಪ್ಪಾಳೆ.

ಕಲಿತದ್ದನ್ನು ಪುಟ್ಟಿಗೆ ದಾಟಿಸಿದರೆ ಪುಟ್ಟಿ ಹಸಿದವಳ ಹಾಗೆ ನುಂಗುತ್ತಿದ್ದಳು. ಇವಳು ವಾರಕ್ಕೆ ಕಲಿತದ್ದನ್ನು ಅವಳು ಒಂದು ಸಂಜೆಗೆ ಮುಗಿಸಿ, ಇನ್ನೂ ಕೊಡು ಎಂದು ಕೈಚಾಚುತ್ತಿದ್ದಳು.

ಹಸಿಯದೆ ಏನು ಮಾಡುತ್ತಾಳೆ? ಆ ಮನೆಯಲ್ಲಿ ಮಾತಿಗೇನು ಬರವೇ? ಊಟಕ್ಕೆ ಕೂತರೆ ಎಲ್ಲರ ಬಾಯೂ ಎರಡೆರಡು ಕೆಲಸ ಮಾಡುತ್ತಿತ್ತು. ಪುಟ್ಟಿ ಒಬ್ಬೊಬ್ಬರ ತುಟಿಯನ್ನೂ ನೋಡುವಳು, ಯಾರಾದರೂ ನಕ್ಕರೆ ತಡವಾಗಿ ತಾನೂ ನಗುವಳು. ಆಮೇಲೆ ಅಮ್ಮನ ತೋಳು ಜಗ್ಗಿ, ಏನಂತೆ ಎಂದು ಗಲ್ಲ ಎತ್ತುವಳು. ಟೈಲರಕ್ಕ ಅಂಗೈ ಬಿಡಿಸಿ ಅವಳ ಮುಖದ ಮುಂದೆ ಹಿಡಿಯುವಳು. ತಾಳು, ಆಮೇಲೆ ಹೇಳ್ತೀನಿ. ಹೇಳಲು ಅವಳಿಗೂ ಬರುತ್ತಿರಲಿಲ್ಲ. ಆ 'ಆಮೇಲೆ' ಒಂದು ದಿನವೂ ಬರಲಿಲ್ಲ.

ಇನ್ನೊಂದು ಅನ್ಯಾಯ ಅದಕ್ಕಿಂತ ದೊಡ್ಡದು. ಕೇಳುವುದಿಲ್ಲವಲ್ಲ ಎಂದು ಆ ಮಗುವಿನ ಎದುರಿಗೇ ಎಲ್ಲರೂ ಎಲ್ಲವನ್ನೂ ಆಡುತ್ತಿದ್ದರು. ಅವಳ ತಟ್ಟೆಗೆ ಅನ್ನ ಬಡಿಸುತ್ತಲೇ ಅತ್ತೆ, "ಇದರ ಗತಿ ಏನೋ" ಎನ್ನುತ್ತಿದ್ದರು. ತಲೆ ಸವರುತ್ತಲೇ, "ಚೆಂದಕ್ಕೇನು ಕಮ್ಮಿ, ಏನು ಬಂತು ಭಾಗ್ಯ" ಎನ್ನುತ್ತಿದ್ದರು. ಪುಟ್ಟಿ ನಗುತ್ತ ಅಜ್ಜಿಯ ಮುಖ ನೋಡುತ್ತಿದ್ದಳು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಿಹೋಗಿ ಬಿಡಿಸುವವನು, ತನ್ನ ಮನೆಯ ವಿಷಯಕ್ಕೆ ಬಂದರೆ ಎರಡೇ ಮಾತು ಬಲ್ಲವನು: ಹೋಗಲಿ ಬಿಡು.

"ಬೀನ್ಸ್ ತಂದು ಮಡಿಲಿಗೆ ಹಾಕ್ತಾರೆ ರೀ! ಕ್ಲಾಸ್ ಮಧ್ಯೆ!"

"ಹೋಗಲಿ ಬಿಡು. ವಯಸ್ಸಾಗಿದೆ."

"ನಿಮ್ಮ ತಮ್ಮನಿಗೂ ವಯಸ್ಸಾಗಿದೆಯಾ?"

ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಮೇಷ್ಟ್ರಿಗಂತೂ ಈ ಜಗಳಕ್ಕೆಲ್ಲ ಒಂದೇ ಮದ್ದು ಗೊತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತು, ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಪಾಠವನ್ನೇ ಮಾಡಿದರು.

"ಅತ್ತಿಗೆ, ನಿಮಗೆ ಆನ್‌ಲೈನ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಅದರ ಲಾಭ ಏನು ಹೇಳಿ? ಎಲ್ಲಿ ಬೇಕಾದ್ರೂ, ಯಾವಾಗ ಬೇಕಾದ್ರೂ ಕಲೀಬಹುದು. ಏಳಕ್ಕೇ ಕೂತ್ಕೋಬೇಕು ಅಂತ ಏನಿದೆ? ರೆಕಾರ್ಡಿಂಗ್ ಇರುತ್ತಲ್ಲ. ಆಮೇಲೆ ನೋಡ್ಕೊಳ್ಳಿ."

ಅತ್ತೆಗೆ ಅಷ್ಟು ಸಾಕಾಯಿತು. ಅಂದಿನಿಂದ ಆ ಮನೆಯ ಎಲ್ಲ ಕೆಲಸಕ್ಕೂ ಏಳು ಗಂಟೆಯೇ ಸರಿಯಾದ ಹೊತ್ತಾಯಿತು. ಅಂಗಡಿಗೆ ಹೋಗಿಬರಬೇಕೆ, ಏಳಕ್ಕೆ. ಮೊಣಕಾಲಿಗೆ ಎಣ್ಣೆ ತಿಕ್ಕಬೇಕೆ, ಏಳಕ್ಕೆ. "ರೆಕಾರ್ಡಿಂಗ್ ಇದೆಯಲ್ಲೇ, ಆಮೇಲೆ ನೋಡ್ಕೋ" ಎಂಬುದು ಅತ್ತೆಯ ಬಾಯಿಪಾಠವಾಯಿತು. ಆ ಪದ ಅವರ ನಾಲಿಗೆಗೆ ತಿರುಗಲು ಒಂದು ವಾರವೂ ಬೇಕಾಗಲಿಲ್ಲ. ಯಾವಾಗ ಬೇಕಾದರೂ ಎಂಬ ಸೌಕರ್ಯವನ್ನು ಅವಳ ಪಾಲಿಗೆ ಯಾವಾಗಲೂ ಇಲ್ಲ ಎಂದು ಮಾಡಿಕೊಟ್ಟರು, ಪುಣ್ಯಾತ್ಮರು.

ರೆಕಾರ್ಡಿಂಗ್ ಕೆಟ್ಟದ್ದೆಂದು ಟೈಲರಕ್ಕ ಯಾವತ್ತೂ ಅನ್ನಲಿಲ್ಲ. ಮಧ್ಯಾಹ್ನ ಅಂಗಡಿಯ ಟ್ರಯಲ್ ರೂಮಿನಲ್ಲಿ ಕೂತು, ಬ್ರೆಡ್ ತಿನ್ನುತ್ತ, ಫೋನಿನಲ್ಲಿ ಅದನ್ನೇ ಅರ್ಧ ವೇಗಕ್ಕೆ ಹಾಕಿ ನೋಡುತ್ತಿದ್ದಳು. ಗೊತ್ತಾಗದ ಕಡೆ ನಿಲ್ಲಿಸುವಳು, ಹಿಂದಕ್ಕೆ ಎಳೆಯುವಳು, ಎದುರಿನ ನಿಲುವುಗನ್ನಡಿಯಲ್ಲಿ ತನ್ನ ಕೈ ನೋಡಿಕೊಳ್ಳುವಳು. ಯಾವ ಟೀಚರ್ ಒಂದೇ ಮಾತನ್ನು ಬೇಸರವಿಲ್ಲದೆ ಇಪ್ಪತ್ತು ಸಲ ಹೇಳುತ್ತಾರೆ? ಆದರೆ ಅದು ಹೇಳುತ್ತದೆ, ನೋಡುವುದಿಲ್ಲ. ತಪ್ಪಿಸಿಕೊಂಡ ಒಂದು ಕ್ಲಾಸನ್ನು ಹಾಗೆ ನೋಡಿ ಕಲಿತು, ಅದನ್ನೇ ಪುಟ್ಟಿಗೂ ಕಲಿಸಿ, ಮುಂದಿನ ಕ್ಲಾಸಿನಲ್ಲಿ ಹೆಮ್ಮೆಯಿಂದ ತೋರಿಸಿದರೆ ಟೀಚರ್ ಅಲ್ಲವೆಂದು ತಲೆಯಾಡಿಸಿದರು. ಪಕ್ಕಕ್ಕೆ ತಿರುಗಿ ತೋರಿಸು ಎಂದರು. ಹೆಬ್ಬೆರಳು ಒಳಗೆ ಮಡಚಬೇಕಿತ್ತು, ಎದುರಿನಿಂದ ಅದು ಕಾಣುವುದಿಲ್ಲ. ಆ ಒಂದು ಹೆಬ್ಬೆರಳನ್ನು ಪುಟ್ಟಿಯಿಂದ ಬಿಡಿಸಲು ಎರಡು ವಾರ ಹಿಡಿಯಿತು. ಟೀಚರ್ ಎದುರಿಗಿದ್ದಿದ್ದರೆ ಎರಡು ಕ್ಷಣದ ಕೆಲಸ.

ಅದಕ್ಕೇ ಆ ಕ್ಲಾಸಿಗೆ ಒಂದು ನಿಯಮವಿತ್ತು. ಮೂರು ಸಲ ತಪ್ಪಿದರೆ ಹೆಸರು ತೆಗೆದು, ಹೊರಗೆ ಕಾಯುತ್ತಿರುವವರಿಗೆ ಜಾಗ ಕೊಡುತ್ತಾರೆ. ಟೈಲರಕ್ಕ ಒಂದು ತಪ್ಪಿಸಿಕೊಂಡಾಗಿತ್ತು. ಎರಡನೆಯದನ್ನು ತಪ್ಪಿಸಿದವರು ಅತ್ತೆ, ಅದೂ ಉಪಕಾರ ಮಾಡಲು ಹೋಗಿ.

ಅಂಗಡಿಯಲ್ಲಿ ಅಂದು ಯಾರದೋ ಮದುವೆಯ ಬಟ್ಟೆ ಸರಿಮಾಡಿ ಕೊಡಬೇಕಿತ್ತು. ತಡವಾಗುತ್ತೆ, ಮೇಷ್ಟ್ರಿಗೆ ಹೇಳಿ ಟೀಚರಿಗೊಂದು ಸಾಲು ಬರೆಸಿ ಅತ್ತೆ ಎಂದು ಫೋನ್ ಮಾಡಿದಳು. ಮೇಷ್ಟ್ರು, ಒಳಗೆ ಹೋಗಿದ್ದರೆ ಹಾಜರಿ ತಾನಾಗಿ ಬೀಳುತ್ತೆ, ಬರೆಯೋದೆಲ್ಲ ಯಾಕೆ ಎಂದು ಲಿಂಕ್ ಒತ್ತಿ ಟ್ಯಾಬನ್ನು ಅಮ್ಮನ ಕೈಗೆ ಕೊಟ್ಟರು. ಅತ್ತೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಭದ್ರವಾಗಿ ಇಟ್ಟು ತಮ್ಮ ಕೆಲಸ ನೋಡಿಕೊಂಡರು. ಟೈಲರಕ್ಕ ಏದುಸಿರು ಬಿಡುತ್ತ ಮನೆಗೆ ಬಂದಾಗ ಕ್ಲಾಸು ಮುಗಿಯುವುದರಲ್ಲಿತ್ತು. ಅಷ್ಟು ಹೊತ್ತೂ ಇಡೀ ಕ್ಲಾಸು ಅನ್ನದ ಪಾತ್ರೆ ನೋಡಿತ್ತು. ಪಕ್ಕದಲ್ಲಿ ಟೀಚರ್ ಬರೆದಿದ್ದರು: ನೀವು ಎಲ್ಲಿದ್ದೀರಿ? ಕೆಳಗೆ ಬೇಕರಿಯವನು ಬರೆದಿದ್ದ: ಅನ್ನ ತಳ ಹಿಡೀತಿದೆ, ಯಾರಾದರೂ ನೋಡಿ.

"ಹಾಜರಿ ಹಾಕಿಸಿದ್ದೀನಿ ನೋಡು, ಯೋಚನೆ ಮಾಡಬೇಡ" ಎಂದರು ಅತ್ತೆ.

"ಏನು ಮಾಡಿದ್ರಿ ಅತ್ತೆ! ಇದು ಗೈರು! ಇನ್ನೊಂದು ತಪ್ಪಿದ್ರೆ ನನ್ನನ್ನ ತೆಗೆದೇ ಹಾಕ್ತಾರೆ!"

"ಒಳ್ಳೇದು ಮಾಡೋಕೆ ಹೋದ್ರೆ ನನ್ನ ಮೇಲೇ ಹಾರ್ತೀಯಲ್ಲೇ! ತೆಗೆದ್ರೆ ತೆಗೀಲಿ, ಆಕಾಶ ಬಿದ್ದುಹೋಗುತ್ತಾ?"

ಟೈಲರಕ್ಕ ತಳ ಹಿಡಿದ ಪಾತ್ರೆಯನ್ನು ತಿಕ್ಕುತ್ತ ನಿಂತಳು. ತಿಕ್ಕಿದ ರಭಸಕ್ಕೆ ಅದರ ಹಿಡಿಯೇ ಸಡಿಲವಾಯಿತು. ಬೇರೆ ಕಡೆ ಹೋಗದ ಕೋಪ ಪಾತ್ರೆಗಳ ಮೇಲೇ ಹೋಗಬೇಕಲ್ಲ.

ಅದಾದ ಮುಂದಿನ ವಾರ ಟೀಚರ್ ಒಂದು ಮನೆಗೆಲಸ ಕೊಟ್ಟರು. ಸನ್ನೆಯಲ್ಲಿ ಯಾರನ್ನೂ ಅಕ್ಷರ ಬಿಡಿಸಿ ಕರೆಯುತ್ತ ಕೂರುವುದಿಲ್ಲ, ಒಬ್ಬೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅದನ್ನು ನೀವು ಇಟ್ಟುಕೊಳ್ಳುವಂತಿಲ್ಲ, ಕಿವಿ ಕೇಳದವರು ಇಡಬೇಕು. ಮನೆಯ ಎಲ್ಲರಿಗೂ ನಿಮ್ಮ ಮಗುವಿನ ಕೈಲಿ ಹೆಸರಿಡಿಸಿ ಎಂದರು.

ಟೈಲರಕ್ಕ ಪುಟ್ಟಿಯನ್ನು ಮಂಚದ ಮೇಲೆ ಕೂರಿಸಿಕೊಂಡು ಕೇಳಿದಳು. ಪುಟ್ಟಿ ಯೋಚಿಸಲೇ ಇಲ್ಲ, ಹೆಸರುಗಳು ಮೊದಲೇ ಸಿದ್ಧವಿದ್ದವು. ಅಜ್ಜಿ ಎಂದರೆ ಮೊಣಕಾಲು ಉಜ್ಜಿಕೊಳ್ಳುವುದು. ಅಪ್ಪ ಎಂದರೆ ತೋರುಬೆರಳಲ್ಲಿ ಲಿಫ್ಟಿನ ಗುಂಡಿ ಒತ್ತುವುದು. ಚಿಕ್ಕಪ್ಪ ಎಂದರೆ ತುಟಿಯ ಮೇಲೆ ಬೆರಳಿಟ್ಟು 'ಶ್'. ಟೈಲರಕ್ಕ ಬಿದ್ದು ಬಿದ್ದು ನಕ್ಕಳು. ಸದ್ದೇ ಕೇಳದ ಮಗುವಿಗೆ ಚಿಕ್ಕಪ್ಪನ ಗುರುತು ಎಂದರೆ ಸದ್ದು ಮಾಡಬೇಡ ಎಂಬುದು!

ನಗುತ್ತಲೇ ತನ್ನ ಎದೆ ಮುಟ್ಟಿಕೊಂಡು ಕೇಳಿದಳು. ನಾನು?

ಪುಟ್ಟಿ ಅಂಗೈ ಬಿಡಿಸಿ ಅವಳ ಮುಖದ ಮುಂದೆ ಹಿಡಿದಳು. ತಾಳು. ಆಮೇಲೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಲ್ಲ, ನನ್ನ ಹೆಸರು ಏನು ಎಂದು ಮತ್ತೆ ಕೇಳಿದಳು. ಪುಟ್ಟಿ ಮತ್ತೆ ಅದೇ ಅಂಗೈ ಹಿಡಿದಳು, ಇದೇ ಎಂಬಂತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ದೂರಿನ ಸುಳಿವೂ ಇರಲಿಲ್ಲ. ಅಜ್ಜಿಗೆ ಮೊಣಕಾಲಿದ್ದ ಹಾಗೆ ಅಮ್ಮನಿಗೆ ಈ ಅಂಗೈ.

ಟೈಲರಕ್ಕ ಅಂದು ಸರಿಯಾಗಿ ಊಟ ಮಾಡಲಿಲ್ಲ. ಅತ್ತೆಯ ಮೇಲೆ, ಮೈದುನನ ಮೇಲೆ, ಗಂಡನ ಮೇಲೆ ಇದ್ದ ಸಿಟ್ಟೆಲ್ಲ ಒಟ್ಟಾಗಿ ಬಂದು ಅವಳ ಮೇಲೆಯೇ ತಿರುಗಿತು. ಆಮೇಲೆ ನೋಡ್ಕೋ ಎಂದು ಮನೆಯವರು ತನಗೆ ಅಂದದ್ದಕ್ಕೆ ಹಲ್ಲು ಕಡಿಯುತ್ತಿದ್ದಳಲ್ಲ, ಅದನ್ನೇ ಅವಳು ಈ ಮಗುವಿಗೆ ಏಳು ವರ್ಷದಿಂದ ಹೇಳಿಕೊಂಡು ಬಂದಿದ್ದಳು.

ಕೋರ್ಸಿನ ಪರೀಕ್ಷೆ ಗುರುವಾರ ಏಳಕ್ಕೆ ಎಂದು ಎರಡು ವಾರ ಮುಂಚೆಯೇ ತಿಳಿಸಿದ್ದರು. ಅದು ಬರೆಯುವ ಪರೀಕ್ಷೆಯಲ್ಲ. ಟೀಚರ್ ಮಕ್ಕಳನ್ನೇ ಪರದೆಯ ಮುಂದೆ ಕರೆಸಿ ಕೇಳುತ್ತಾರೆ: ನಿನ್ನೆ ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಯಿತು? ಮಗುವಿಗೆ ಗೊತ್ತಿದ್ದರೆ ದೊಡ್ಡವರು ಪಾಸು. ಪಾಸಾದವರಿಗೆ ಮುಂದಿನ ಹಂತ. ಬರದಿದ್ದವರಿಗೆ ಅಲ್ಲಿಗೇ ಮುಗಿಯಿತು.

ಬುಧವಾರ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಮೇಷ್ಟ್ರು ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುತ್ತ ಹೇಳಿದರು.

"ನಾಳೆ ಏಳಕ್ಕೆ ನಂದು ಎಕ್ಸ್‌ಟ್ರಾ ಬ್ಯಾಚ್ ಇದೆ. ನೆಟ್ ಯಾರೂ ಮುಟ್ಟಬೇಡಿ. ಎರಡೆರಡು ವಿಡಿಯೋ ಓಡಿದ್ರೆ ನನ್ನ ಬೋರ್ಡ್ ನಿಂತುಹೋಗುತ್ತೆ."

"ನಾಳೆ ನನಗೆ ಪರೀಕ್ಷೆ. ಎರಡು ವಾರದ ಹಿಂದೇನೇ ಹೇಳಿದ್ದೆ."

"ರೆಕಾರ್ಡಿಂಗ್ ಕಳಿಸ್ತಾರಲ್ಲ ಅತ್ತಿಗೆ."

"ರೆಕಾರ್ಡಿಂಗ್ ನೋಡಿ ಪರೀಕ್ಷೆ ಕೊಡೋಕಾಗುತ್ತಾ? ನಿಮ್ಮ ಹುಡುಗರು ಕೊಡ್ತಾರಾ ಹಾಗೆ?"

"ನನ್ನ ಹುಡುಗರ ಭವಿಷ್ಯದ ಪ್ರಶ್ನೆ ಅದು."

"ಇದು ಏನು, ಕಡಲೆಕಾಯಿ ಪ್ರಶ್ನೆನಾ?"

ಅತ್ತೆ ತಟ್ಟೆಯಿಂದ ಕೈ ಎತ್ತಿದರು. "ಅವನದು ಹೊಟ್ಟೆಪಾಡು ಕಣೇ. ನಿಂದೇನು? ಕೈ ಕುಣಿಸೋ ಆಟ! ಬಾಯಲ್ಲಿ ಮಾತಾಡಿಸಿ ಅಂತ ಡಾಕ್ಟರು ಹೇಳಿದ್ರೆ ನೀನು ಕೈ ಕಲಿಸಿ ಕಲಿಸಿ ಅದರ ಬಾಯಿಗೆ ಬೀಗ ಹಾಕಿದೆ. ಈ ಮೂಗಿ ಹುಟ್ಟಿದ ಮೇಲೆ ಈ ಮನೇಲಿ ಒಂದು ದಿನ ನೆಮ್ಮದಿ ಇಲ್ಲ. ನಾಳೆ ಇವನಿಗೆ ಹೆಣ್ಣು ಕೊಡೋರು ಮನೆ ನೋಡೋಕೆ ಬಂದ್ರೆ ಇದನ್ನ ಎಲ್ಲಿ ಬಚ್ಚಿಡಲಿ ನಾನು?"

"ಅಮ್ಮಾ, ಹೋಗಲಿ ಬಿಡು, ಊಟ ಮಾಡು" ಎಂದ ಲಿಫ್ಟ್ ಮೆಕ್ಯಾನಿಕ್, ತಟ್ಟೆಯಿಂದ ಕಣ್ಣೆತ್ತದೆ.

ಪುಟ್ಟಿ ಅಮ್ಮನ ತೋಳು ಜಗ್ಗಿದಳು. ಗಲ್ಲ ಎತ್ತಿದಳು. ಏನಂತೆ?

ಟೈಲರಕ್ಕನ ಅಂಗೈ ಅಭ್ಯಾಸಬಲದಿಂದ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಅವಳು ಎದ್ದು, ಕೈ ತೊಳೆದು, ಟವೆಲಿಗೆ ಒರೆಸಿಕೊಂಡು ಬಂದು ಕುರ್ಚಿಯನ್ನು ಪುಟ್ಟಿಯ ಎದುರಿಗೆ ಎಳೆದುಕೊಂಡು ಕೂತಳು. ಹೇಳತೊಡಗಿದಳು.

ಮೊಣಕಾಲು ಉಜ್ಜಿ ತೋರಿಸಿದಳು, ಅಜ್ಜಿ. ಅಜ್ಜಿ ಹೇಳುತ್ತಾರೆ: ಮಾತು ಬರದ ಹುಡುಗಿ ಹುಟ್ಟಿದಳು, ಆಮೇಲೆ ಮನೆಯಲ್ಲಿ ಸುಖ ಇಲ್ಲ. ನೆಮ್ಮದಿಗೆ ಸನ್ನೆ ಅವಳಿಗಿನ್ನೂ ಗೊತ್ತಿರಲಿಲ್ಲ, ಸುಖ ಎಂದಷ್ಟೇ ಹೇಳಿದಳು. ಬಚ್ಚಿಡು ಎಂಬುದೂ ಗೊತ್ತಿರಲಿಲ್ಲ. ಪಲ್ಯದ ಪಾತ್ರೆಯ ಮುಚ್ಚಳ ತೆಗೆದು ಒಂದು ಆಲೂಗಡ್ಡೆ ಹೋಳಿನ ಮೇಲೆ ಮುಚ್ಚಿ, ಆ ಹೋಳು ನೀನು ಎಂದು ಪುಟ್ಟಿಯ ಎದೆಗೆ ಬೆರಳು ತೋರಿಸಿದಳು.

"ಏನದು? ಏನು ಮಾಡ್ತಿದ್ದೀಯ?" ಅತ್ತೆ ಕೇಳಿದರು.

"ನೀವು ಹೇಳಿದ್ದನ್ನ ಹೇಳ್ತಿದ್ದೀನಿ."

"ಅವಳಿಗಾ?" ಅಷ್ಟು ಹೊತ್ತು ಅದು ಇದು ಆಗಿದ್ದ ಮಗು ಈಗ ಅವಳಾಯಿತು. "ನಿನಗೇನು ತಲೆ ಕೆಟ್ಟಿದೆಯಾ? ಅದನ್ನೆಲ್ಲ ಮಗುಗೆ ಹೇಳ್ತಾರೇನೇ!"

"ಮಗು ಮುಂದೆ ಆಡಬಹುದು, ಮಗುಗೆ ಹೇಳಬಾರದಾ?"

ಆ ಮಾತನ್ನೂ ಅತ್ತೆಯ ಮಾತನ್ನೂ ಅವಳು ಪುಟ್ಟಿಗೆ ಹೇಳಿದಳು.

"ನಿಲ್ಲಿಸೇ!"

ಅದನ್ನೂ ಹೇಳಿದಳು. ಅಜ್ಜಿ ನಿಲ್ಲಿಸು ಎನ್ನುತ್ತಾರೆ. ಮೇಷ್ಟ್ರು ಅಮ್ಮನ ಕಡೆ ಬಗ್ಗಿ ಮೆಲ್ಲಗೆ ಏನೋ ಅಂದರು. ಮೆಲ್ಲಗೆ ಆಡಿದರೇನು, ಜೋರಾಗಿ ಆಡಿದರೇನು, ಪುಟ್ಟಿಗೆ ಎರಡೂ ಒಂದೇ. ತುಟಿ ಅಲುಗಿದ್ದು ನೋಡಿ ಅಮ್ಮನ ಕಡೆ ತಿರುಗಿದಳು. ಟೈಲರಕ್ಕ ತುಟಿಯ ಮೇಲೆ ಬೆರಳಿಟ್ಟು ಚಿಕ್ಕಪ್ಪನ ಹೆಸರು ಹೇಳಿ, ಅವರಂದದ್ದನ್ನೂ ದಾಟಿಸಿದಳು: ಇವಳಿಗೆ ಹುಚ್ಚು, ಬಾಯಿ ಕೊಡಬೇಡ.

ಏಳು ವರ್ಷದಲ್ಲಿ ಮೊದಲ ಸಲ ಆ ಮನೆಯವರು ಪುಟ್ಟಿಯ ಮುಂದೆ ಬಾಯಿ ಬಿಡಲು ಹೆದರಿದರು.

ಪುಟ್ಟಿ ಅಜ್ಜಿಯನ್ನೇ ನೋಡುತ್ತಿದ್ದಳು. ಆಮೇಲೆ ಕೈಯೆತ್ತಿ ನಿಧಾನವಾಗಿ ಏನೋ ಕೇಳಿದಳು. ಟೈಲರಕ್ಕ ಅದನ್ನು ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳಿದಳು.

"ಅಜ್ಜಿ ಮುಂಚೆನೂ ಹೀಗೇ ಹೇಳ್ತಿದ್ರಾ, ಅಂತ ಕೇಳ್ತಿದ್ದಾಳೆ."

ಅತ್ತೆ ಬೇಳೆಯ ಪಾತ್ರೆಯಲ್ಲಿ ಸೌಟು ತಿರುಗಿಸತೊಡಗಿದರು. ಪುಟ್ಟಿ ಅಮ್ಮನ ಕಡೆ ತಿರುಗಿದಳು. ಟೈಲರಕ್ಕ ಹೌದು ಎಂದಳು. ನೀನು ಹೇಳಲಿಲ್ಲ ಎಂದಳು ಪುಟ್ಟಿ. ಹೇಳಲು ಬರುತ್ತಿರಲಿಲ್ಲ, ಈಗ ಬರುತ್ತದೆ ಎಂದು ಟೈಲರಕ್ಕನ ಕೈ ಹೇಳಿತು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಲಿಫ್ಟ್ ಮೆಕ್ಯಾನಿಕ್ ತಲೆ ಎತ್ತಿದ. "ನಾನು ಏನಂದೆ ಅಂತ ಹೇಳಿದೆ?"

"ಏನೂ ಅನ್ನಲಿಲ್ಲ ಅಂತ ಹೇಳಿದೆ."

ಅವನ ಕೈಯಲ್ಲಿದ್ದ ತುತ್ತು ಮರಳಿ ತಟ್ಟೆಗೆ ಹೋಯಿತು.

ಅವಳು ಮೈದುನನ ಕಡೆ ತಿರುಗಿದಳು. "ನಾಳೆ ಏಳಕ್ಕೆ ಬಾಗಿಲಿರೋ ಕೋಣೆ ನಂದು. ನೆಟ್ಟೂ ನಂದು. ನಿಮ್ಮ ಪಾಠ ರೆಕಾರ್ಡ್ ಮಾಡಿ ಹಾಕಿ ಮೇಷ್ಟ್ರೇ, ಹುಡುಗರು ಆಮೇಲೆ ನೋಡ್ಕೋತಾರೆ."

"ನೆಟ್ ದುಡ್ಡು ಕಟ್ಟೋನು ನಾನು!"

"ಅಕ್ಕಿ ದುಡ್ಡು ಕಟ್ಟೋಳು ನಾನು. ಇನ್ಮೇಲೆ ನಿಮಗೆ ಅನ್ನದ ರೆಕಾರ್ಡಿಂಗ್ ಕಳಿಸ್ಲಾ? ಆಮೇಲೆ ನೋಡ್ಕೊಳ್ಳಿ."

ಮೇಷ್ಟ್ರು ಪಲ್ಯ ಹಾಗೇ ಬಿಟ್ಟು ಎದ್ದುಹೋದರು. ಬಾಗಿಲು ದಢಾರನೆ ಬಡಿಯಿತು. ಅಂದು ಯಾರೂ 'ಶ್' ಎನ್ನಲಿಲ್ಲ.

ಮರುದಿನ ಏಳಕ್ಕೆ ಟೈಲರಕ್ಕ ಮತ್ತು ಪುಟ್ಟಿ ಮೇಷ್ಟ್ರ ಕುರ್ಚಿಯಲ್ಲಿ ಒತ್ತಿಕೊಂಡು ಕೂತಿದ್ದರು. ಕೋಣೆ ಬಿಡಲು ಮೇಷ್ಟ್ರು ಒಪ್ಪಿದ್ದೇನಲ್ಲ. ಅವಳು ಆರೂವರೆಗೇ ಬಂದು ಟ್ಯಾಬ್ ಇಟ್ಟು ಕೂತುಬಿಟ್ಟಿದ್ದಳು, ಎಳೆದು ಹಾಕುವ ಧೈರ್ಯ ಅವರಿಗೆ ಬರಲಿಲ್ಲ. ಗೆಳೆಯನ ಮನೆಯ ನೆಟ್ಟು ಹುಡುಕಿಕೊಂಡು ಹೋದರು. ಅತ್ತೆ ನಿನ್ನೆಯಿಂದ ಅವಳ ಜೊತೆ ಮಾತು ಬಿಟ್ಟಿದ್ದರು. ಲಿಫ್ಟ್ ಮೆಕ್ಯಾನಿಕ್ ಎಂದಿಗಿಂತ ಬೇಗ ಮನೆಗೆ ಬಂದು, ಯಾರೂ ಹೇಳದೆ ತಾನೇ ಹಾಲು ಕಾಯಿಸಲು ಇಟ್ಟಿದ್ದ.

ಪರದೆಯ ಮೇಲೆ ಟೀಚರ್ ಪುಟ್ಟಿಯನ್ನು ಕೇಳಿದರು. ನಿನ್ನೆ ಊಟದ ಹೊತ್ತಿಗೆ ಏನು ಮಾತಾಯಿತು?

ಪುಟ್ಟಿ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಮುಚ್ಚಳವನ್ನೂ, ಅದರ ಕೆಳಗಿನ ಆಲೂಗಡ್ಡೆಯನ್ನೂ ಹೇಳಿದಳು. ಚೌಕಗಳಲ್ಲಿದ್ದ ಯಾರೂ ಅಲುಗಲಿಲ್ಲ. ಟೀಚರ್ ಹೇಳಿದರು: ನಮ್ಮ ಮನೆಯಲ್ಲೂ ಅಜ್ಜಿ ಇದ್ದರು. ಊಟದ ಹೊತ್ತಿಗೆ ನನ್ನನ್ನು ನೋಡಿ ಏನೋ ಹೇಳುತ್ತಿದ್ದರು. ಏನು ಹೇಳುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿನಗೆ ಗೊತ್ತಾಯಿತು.

ಒಂದೊಂದೇ ಚೌಕದಲ್ಲಿ ಕೈಗಳು ಮೇಲೆದ್ದು ಅಲುಗಿದವು. ಪುಟ್ಟಿ ನಾಚಿಕೊಂಡು ಅಮ್ಮನ ತೋಳಿನ ಹಿಂದೆ ಮುಖ ಮರೆಸಿದಳು.

ಇವರ ಹೆಸರೇನು ಎಂದು ಟೀಚರ್ ಟೈಲರಕ್ಕನನ್ನು ತೋರಿಸಿ ಕೇಳಿದರು.

ಪುಟ್ಟಿ ಅಂಗೈ ಬಿಡಿಸಿ ಹಿಡಿದಳು. ಹೆಸರು ಬದಲಾಗಿರಲಿಲ್ಲ. ಒಂದು ರಾತ್ರಿಗೆ ಯಾಕೆ ಬದಲಾಗಬೇಕು? ಟೈಲರಕ್ಕ ಅದನ್ನು ನುಂಗಿಕೊಂಡಳು. ಹಾಗೆಂದರೇನು ಎಂದು ಟೀಚರ್ ಹುಬ್ಬೇರಿಸಿದರು. ಪುಟ್ಟಿ ವಿವರಿಸಲು ಕೈಯೆತ್ತಿದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾತು ಬಿಟ್ಟಿದ್ದ ಅತ್ತೆ ಮಾತಾಡಿದರು.

"ಲೇ, ಹಾಲು ಉಕ್ತಾ ಇದೆ! ಬಾರೇ ಬೇಗ!"

ಹಾಲಿಟ್ಟವನು ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ. ಕರೆದದ್ದು ಅವನನ್ನಲ್ಲ.

ಟೈಲರಕ್ಕ ತಿರುಗಲಿಲ್ಲ, ಬಾಯಿ ಬಿಡಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಎತ್ತಿ, ಅಂಗೈ ಬಿಡಿಸಿ ಬಾಗಿಲಿನ ಕಡೆ ಹಿಡಿದಳು.

ಪುಟ್ಟಿ ಆ ಅಂಗೈ ನೋಡಿದಳು. ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತ ಅಜ್ಜಿಯನ್ನು ನೋಡಿದಳು. ಟೀಚರ್ ಕಡೆ ತಿರುಗಿ, ಅಮ್ಮನ ಎತ್ತಿದ ಕೈಗೆ ಬೆರಳು ತೋರಿಸಿ, ಹಲ್ಲೆಲ್ಲ ಬಿಟ್ಟು ನಕ್ಕಳು. ಇದೇ, ಇದೇ ಅವಳ ಹೆಸರು.

ಅಡುಗೆಮನೆಯಿಂದ ಸೀದ ವಾಸನೆ ಬಂತು. ಒಲೆಯನ್ನು ಯಾರು ಆರಿಸಿದರೋ, ಟೈಲರಕ್ಕ ಎದ್ದು ನೋಡಲಿಲ್ಲ.